ಫರ್ಟಿವ್ ಅಂದರೆ ಬರೀ ‘ಗುಟ್ಟಾದ’ ಅಲ್ಲ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಫರ್ಟಿವ್’ ಎಂಬ ಪದಕ್ಕೆ ನಿಘಂಟಿನಲ್ಲಿ ಗುಟ್ಟಾದ, ರಹಸ್ಯವಾದ, ಕಳ್ಳತನದ ಎಂದೆಲ್ಲ ಅರ್ಥ ಇದೆ. ಸ್ಟೆಲ್ತಿ, ಸರೆಪ್ಟಿಷಸ್, ಕ್ಲ್ಯಾಂಡೆಸ್ಟಿನ್ ಎಂಬವಕ್ಕೂ ಹೆಚ್ಚುಕಡಿಮೆ ಅದೇ ಅರ್ಥ ಕೊಟ್ಟಿದ್ದಾರೆ. ಒಬ್ಬ ಹುಡುಗ ‘ಚಿರತೆ ಫರ್ಟಿವ್ ಆಗಿ ಕೊಟ್ಟಿಗೆಗೆ ಬಂತು’ ಎಂಬರ್ಥದ ವಾಕ್ಯ ಬರೆದ. ಒಬ್ಬ ಹುಡುಗಿ ‘ಎರಡು ಸರ್ಕಾರಗಳು ಫರ್ಟಿವ್ ಒಪ್ಪಂದ ಮಾಡಿಕೊಂಡವು’ ಎಂದು ಬರೆದಳು. ಎರಡೂ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಯಾಕೆ ಎಂದು ಮಕ್ಕಳಿಗೆ ಹೇಳಲಾಗುತ್ತಿಲ್ಲ. ಈ ಪದಗಳನ್ನು ಬೇರೆ ಬೇರೆ ಮಾಡಿ ತೋರಿಸುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫರ್ಟಿವ್ ಎಂಬ ಪದ ಬರೀ ಗುಟ್ಟಿನ ಬಗ್ಗೆ ಹೇಳುವುದಿಲ್ಲ. ಗುಟ್ಟು ಮಾಡುತ್ತಿರುವವರ ಮೈಯ ಬಗ್ಗೆ ಹೇಳುತ್ತದೆ. ಯಾರಾದರೂ ನೋಡಿಬಿಟ್ಟರೆ ಎಂಬ ಅಳುಕು ಕಣ್ಣಿನಲ್ಲೋ ಕೈಯಲ್ಲೋ ನಡಿಗೆಯಲ್ಲೋ ಹೊರಬಿದ್ದು ಪಕ್ಕದವರಿಗೆ ಕಂಡರೆ ಅದು ಫರ್ಟಿವ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಿಮ್ಮ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಆ ಗಾದೆಯಲ್ಲಿ ಫರ್ಟಿವ್ ಆಗಿರುವುದು ಹೆಗಲಿಗೆ ಹೋದ ಕೈ. ರಾತ್ರಿ ಯಾರೂ ಇಲ್ಲದಾಗ ಕಾಯಿ ಹೊತ್ತುಕೊಂಡು ಹೋದದ್ದಕ್ಕೆ ಬೇರೆ ಪದಗಳಿವೆ.

ಇದರಿಂದ ಒಂದು ಮಾತು ಹೊರಡುತ್ತದೆ, ಅದನ್ನು ಮಕ್ಕಳಿಗೆ ಮೊದಲು ಹೇಳಿಬಿಡಿ. ಪೂರ್ತಿ ಯಶಸ್ವಿಯಾದ ಗುಟ್ಟನ್ನು ಫರ್ಟಿವ್ ಅನ್ನಲು ಬರುವುದಿಲ್ಲ. ಮುಚ್ಚಿಡುವ ಪ್ರಯತ್ನವೇ ಯಾರದೋ ಕಣ್ಣಿಗೆ ಬಿದ್ದಿರಬೇಕು. ಕಥೆಯಲ್ಲಾದರೆ ಕಥೆ ಹೇಳುವವರ ಕಣ್ಣಿಗಾದರೂ ಬಿದ್ದಿರಬೇಕು. ಹಾಗಾಗಿ ಈ ಪದ ಬರೆದಾಗಲೆಲ್ಲ ಎರಡು ಪ್ರಶ್ನೆ ಕೇಳಿಸಿ. ಇಲ್ಲಿ ಯಾರ ಮೈ ಕಾಣುತ್ತಿದೆ? ಅದನ್ನು ಕಂಡವರು ಯಾರು? ಎರಡಕ್ಕೂ ಉತ್ತರ ಸಿಕ್ಕರೆ ಪದ ನಿಲ್ಲುತ್ತದೆ.

ಹುಡುಗಿಯ ವಾಕ್ಯ ಮೊದಲ ಪ್ರಶ್ನೆಯಲ್ಲೇ ಬೀಳುತ್ತದೆ. ಒಪ್ಪಂದಕ್ಕೆ ಕಣ್ಣಿಲ್ಲ, ಕೈಯಿಲ್ಲ, ಅಳುಕಿ ಹಿಂದಕ್ಕೆ ತಿರುಗಿ ನೋಡುವ ಕುತ್ತಿಗೆಯಿಲ್ಲ. ಒಪ್ಪಂದ, ಕಡತ, ಯೋಜನೆ, ಸಂಘಟನೆ, ನಿರ್ಧಾರ ಇಂಥ ಪದಗಳ ಹಿಂದೆ ಫರ್ಟಿವ್ ಕೂರುವುದಿಲ್ಲ. ಅಲ್ಲಿ ‘ಸೀಕ್ರೆಟ್’ ಸಾಕು. ಒಪ್ಪಂದ ಕಾನೂನಿಗೋ ಜನರ ಒಪ್ಪಿಗೆಗೋ ವಿರುದ್ಧ ಎಂಬ ಧ್ವನಿ ಬೇಕಾದರೆ ‘ಕ್ಲ್ಯಾಂಡೆಸ್ಟಿನ್’. ಆದರೆ ಒಪ್ಪಂದದ ಕಾಗದ ಕೈ ಬದಲಾಯಿಸುವಾಗ ಅಧಿಕಾರಿಯೊಬ್ಬ ಬಾಗಿಲ ಕಡೆ ಕಣ್ಣು ಹಾಯಿಸಿದ ಎಂದು ಬರೆದರೆ, ಆ ಕಣ್ಣು ಹಾಯಿಸಿದ್ದನ್ನು ಧಾರಾಳವಾಗಿ ‘ಫರ್ಟಿವ್ ಗ್ಲಾನ್ಸ್’ ಎನ್ನಬಹುದು.

ಚಿರತೆಯ ವಾಕ್ಯವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಇಂಗ್ಲಿಷ್ ಕಥೆಗಾರರು ಪ್ರಾಣಿಗಳಿಗೆ ಈ ಪದ ಬಳಸಿದ್ದುಂಟು, ವ್ಯಾಕರಣವೂ ತಪ್ಪಲ್ಲ. ತೊಂದರೆ ಇರುವುದು ಭಾವದಲ್ಲಿ. ಚಿರತೆ ನಾಯಿಯನ್ನೋ ಕರುವನ್ನೋ ಹಿಡಿಯಲು ಬರುವಾಗ ಅದಕ್ಕೆ ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಇರುವುದಿಲ್ಲ. ಮುಂಗಾಲು ಊರಿದ ಜಾಗದಲ್ಲೇ ಹಿಂಗಾಲು ಇಟ್ಟು, ಪಾದದ ಮೆತ್ತೆಯ ಮೇಲೆ ಭಾರ ಬಿಡುತ್ತ, ತರಗೆಲೆ ಸದ್ದಾಗದ ಹಾಗೆ ಬರುತ್ತದೆ. ಅದು ಹೊಂಚು, ಅದು ಕಸುಬು. ಅದಕ್ಕಿರುವ ಪದ ಸ್ಟೆಲ್ತಿ. ಅದೇ ಮನೆಯ ನಾಯಿ ಒಲೆಯ ಪಕ್ಕದಿಂದ ಅಕ್ಕಿ ರೊಟ್ಟಿ ಕಚ್ಚಿಕೊಂಡು, ಬಾಲ ಒಳಗೆಳೆದು, ಗೋಡೆಗೆ ಒತ್ತಿಕೊಂಡು, ಎರಡು ಹೆಜ್ಜೆಗೊಮ್ಮೆ ಅಮ್ಮನ ಕಡೆ ತಿರುಗಿ ನೋಡುತ್ತ ಹೊರಗೆ ಜಾರಿದರೆ, ಅದನ್ನು ಫರ್ಟಿವ್ ಅನ್ನಲು ನನ್ನ ಅಡ್ಡಿಯಿಲ್ಲ. ಬೈಸಿಕೊಂಡು ಬೆಳೆದ ನಾಯಿಯ ಮೈಯಲ್ಲಿ ಆ ಅಳುಕು ಕಂಡೇ ಕಾಣುತ್ತದೆ.

ಇನ್ನು ಪುನುಗಿನ ಬೆಕ್ಕು, ಬರ್ಕ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿಗಳಿವೆ. ನಮ್ಮ ಕಾಡಿನಲ್ಲೇ ಇದ್ದರೂ ಜನರಿಗೆ ಕಾಣುವುದು ಅಪರೂಪ. ಪ್ರಾಣಿ ಪಕ್ಷಿಗಳ ಬಗ್ಗೆ ಬರೆಯುವವರು ಇವನ್ನು ‘ಸೀಕ್ರೆಟಿವ್’ ಅಥವಾ ‘ಇಲ್ಯೂಸಿವ್’ ಎನ್ನುತ್ತಾರೆ. ಸೀಕ್ರೆಟಿವ್ ಎಂದರೆ ಮರೆಯಲ್ಲಿರುವುದೇ ಅದರ ಸ್ವಭಾವ. ಇಲ್ಯೂಸಿವ್ ಎಂದರೆ ಹುಡುಕಿದರೂ ಕೈಗೆ, ಕಣ್ಣಿಗೆ ಸಿಗದ್ದು. ಮನುಷ್ಯರಿಗೆ ಬಂದಾಗಲೂ ಸೀಕ್ರೆಟಿವ್ ಸ್ವಭಾವವನ್ನೇ ಹೇಳುತ್ತದೆ: ಸಂಬಳ ಎಷ್ಟು, ಎಲ್ಲಿಗೆ ಹೋಗಿದ್ದೆ, ಏನು ಕೊಂಡೆ, ಯಾವುದನ್ನೂ ಬಾಯಿ ಬಿಡದವರು. ಅಂಥವರು ನಿರಾಳವಾಗಿ ಎದುರಿಗೆ ಕೂತು ಕಾಫಿ ಕುಡಿಯಬಲ್ಲರು. ಫರ್ಟಿವ್ ಒಂದು ಗಳಿಗೆಯ ಚಲನೆ, ಸೀಕ್ರೆಟಿವ್ ವರ್ಷಾನುಗಟ್ಟಲೆಯ ಗುಣ.

ಉಳಿದ ಪದಗಳನ್ನು ಬೇರ್ಪಡಿಸಲು ಒಂದೇ ಘಟನೆಯನ್ನು ಹಿಡಿದು ಹೋಗುವುದು ಒಳ್ಳೆಯದು. ಮಲೆನಾಡಿನ ಮಕ್ಕಳಿಗೆ ಅಡಿಕೆ ಕಳವಿಗಿಂತ ಹತ್ತಿರದ ಉದಾಹರಣೆ ಬೇಡ. ಕೊಯ್ಲಿನ ಕಾಲ, ರೇಟು ಏರಿದೆ, ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಹಣ್ಣಾಗುವ ಮೊದಲೇ ಕದಿಯುವವರು ತಯಾರಾಗಿದ್ದಾರೆ ಎಂದುಕೊಳ್ಳಿ.

ಹಗಲು ಹೊತ್ತು, ಒಬ್ಬ ರಸ್ತೆ ಬದಿಯ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತಿದ್ದಾನೆ. ಮಾತು ಅಂಗಡಿಯವನ ಜೊತೆ, ಕಣ್ಣು ಮಾತ್ರ ಗಳಿಗೆಗೊಮ್ಮೆ ತೋಟದ ದಣಪೆಯ, ಅಂದರೆ ಬೇಲಿಯ ಬಾಗಿಲ, ಕಡೆ ಹೋಗಿ ಥಟ್ಟನೆ ವಾಪಸು ಬರುತ್ತದೆ. ಯಾರಾದರೂ ಅತ್ತ ತಿರುಗಿದರೆ ಲೋಟದೊಳಗೆ ನೋಡುತ್ತಾನೆ. ಇನ್ನೂ ಒಂದು ಗೋಟಡಿಕೆಯೂ ಕದ್ದಿಲ್ಲ. ಆದರೂ ಆ ನೋಟಗಳು ಫರ್ಟಿವ್. ಅಂಗಡಿಯವನಿಗೆ ಅನುಮಾನ ಹುಟ್ಟುವುದೇ ಅಲ್ಲಿಂದ.

ರಾತ್ರಿ ಅವನೇ ದೋಟಿ ಹಿಡಿದು ತೋಟಕ್ಕೆ ಇಳಿಯುತ್ತಾನೆ. ತಲೆಗೆ ಕಟ್ಟಿದ ಬ್ಯಾಟರಿ ಹಚ್ಚಿಲ್ಲ. ಉದುರಿದ ಅಡಿಕೆ ಹಾಳೆ ತುಳಿದರೆ ಸದ್ದಾಗುತ್ತದೆಂದು ಕಾಲು ಇಟ್ಟು, ಅಡಿಯಲ್ಲಿ ಏನಿದೆ ಎಂದು ತಿಳಿದ ಮೇಲೆ ಭಾರ ಬಿಡುತ್ತಾನೆ. ಕೊನೆಯನ್ನು ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಇಳಿಸುತ್ತಾನೆ. ಈಗ ಅವನ ಚಲನೆ ಸ್ಟೆಲ್ತಿ. ಇಲ್ಲಿ ಎದ್ದು ಕಾಣುವುದು ಜಾಣತನ, ನಿಧಾನ, ಸದ್ದಿಲ್ಲದಿರುವಿಕೆ. ನಡುವೆ ಎಲ್ಲೋ ನಾಯಿ ಬೊಗಳಿ, ಅವನು ನಿಂತಲ್ಲೇ ಕುಗ್ಗಿ ಮನೆಯ ದೀಪದ ಕಡೆ ನೋಡಿದರೆ ಆ ಗಳಿಗೆಗೆ ಮತ್ತೆ ಫರ್ಟಿವ್ ಬರುತ್ತದೆ. ಮನುಷ್ಯ ಒಬ್ಬನೇ ಆದರೂ ಅವನ ಸ್ಥಿತಿ ಬದಲಾದ ಹಾಗೆ ಪದವೂ ಬದಲಾಗುತ್ತದೆ.

ಕದ್ದ ಅಡಿಕೆ ಎಲ್ಲಿಗೆ ಹೋಯಿತು? ಬಿಲ್ಲು ಕೇಳದ, ತೋಟ ಯಾರದು ಎಂದು ಕೇಳದ ಒಬ್ಬ ವ್ಯಾಪಾರಿ ಇದ್ದಾನೆ. ವಾರಕ್ಕೊಮ್ಮೆ ಇಂಥ ಕಡೆ ಗಾಡಿ ನಿಲ್ಲುತ್ತದೆ, ಇಷ್ಟು ದುಡ್ಡು ಕೈಗೆ ಬರುತ್ತದೆ ಎಂದು ಮೊದಲೇ ಮಾತಾಗಿದೆ. ಈ ಏರ್ಪಾಡು ಕ್ಲ್ಯಾಂಡೆಸ್ಟಿನ್. ಈ ಪದಕ್ಕೆ ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ಜನ ಬೇಕು, ಮೊದಲೇ ಮಾಡಿಕೊಂಡ ಹೊಂದಾಣಿಕೆ ಬೇಕು, ಕಾನೂನೋ ಸಮಾಜವೋ ಒಪ್ಪದ ಕೆಲಸವಾಗಿರಬೇಕು. ಸಭೆ, ಮದುವೆ, ಸಂಬಂಧ, ಸಂಘಟನೆ, ವ್ಯಾಪಾರ ಇವುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಇಂಗ್ಲೆಂಡಿನಲ್ಲಿ 1753ರಲ್ಲಿ ಗುಟ್ಟಿನ ಮದುವೆಗಳನ್ನು ತಡೆಯಲೆಂದೇ ಮಾಡಿದ ಕಾಯಿದೆಯ ಹೆಸರಿನಲ್ಲೂ ಇದೇ ಪದ ಇದೆ. ಅಲ್ಲಿ ಮದುವೆಯಾಗುವವರ ಮೈಯಲ್ಲಿ ಅಳುಕಿತ್ತೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಚರ್ಚಿನಲ್ಲಿ ಮೊದಲೇ ಸಾರಿ ಹೇಳದೆ, ಪರವಾನಗಿಯೂ ಇಲ್ಲದೆ ಆದ ಮದುವೆ ಎಂಬುದಷ್ಟೇ ವಿಷಯ.

ಸರೆಪ್ಟಿಷಸ್ ಬರುವುದು ಇನ್ನೊಂದು ಕಡೆ. ಖೇಣಿ ಹಿಡಿದವನ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ತೆಗೆದುಕೊಂಡವನ, ಅಂಗಳದಲ್ಲಿ ಹಗಲು ಹೊತ್ತಿನಲ್ಲೇ ಚೀಲ ತುಂಬುತ್ತಿದ್ದಾರೆ. ಯಜಮಾನ ಎದುರಿಗೇ ನಿಂತಿದ್ದಾನೆ. ತುಂಬುವವನು ‘ರಾಶಿ’ ಎಂಬ ಒಳ್ಳೆಯ ದರ್ಜೆಯ ಅಡಿಕೆಯ ಚೀಲದ ನಡುವಿಗೆ ಕಡಿಮೆ ದರ್ಜೆಯ ‘ಗೊರಬಲು’ ಎರಡು ಕಿಲೋ ಸೇರಿಸಿಬಿಡುತ್ತಾನೆ, ಮೇಲೆ ಮತ್ತೆ ರಾಶಿ ಸುರಿದು ಬಾಯಿ ಹೊಲಿಯುತ್ತಾನೆ. ಮುಖದಲ್ಲಿ ಏನೂ ಇಲ್ಲ, ಕೈ ನಡುಗಿಲ್ಲ, ಹಾಡು ಗುನುಗುತ್ತಿದ್ದರೂ ಇರಬಹುದು. ಯಜಮಾನನ ಕಣ್ಣೆದುರೇ, ಅವನ ಗಮನ ತಪ್ಪಿಸಿ ನಡೆದ ಈ ಕೆಲಸ ಸರೆಪ್ಟಿಷಸ್. ಫರ್ಟಿವ್‌ನಲ್ಲಿ ಅಳುಕು ಕಾಣಬೇಕು. ಸರೆಪ್ಟಿಷಸ್‌ನಲ್ಲಿ ಕಣ್ಣು ತಪ್ಪಿಸಿದರೆ ಸಾಕು, ಅಳುಕು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಅನುಮತಿಯಿಲ್ಲದೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಇಂಗ್ಲಿಷ್ ಪತ್ರಿಕೆಗಳು ಈ ಪದ ಬಳಸುವುದುಂಟು. ಫೋನು ಜೇಬಿನೊಳಗೆ ಶಾಂತವಾಗಿ ಕೂತಿರುತ್ತದೆ, ಮೇಲೆ ಮಾತು ನಡೆದಿರುತ್ತದೆ.

ಕೊನೆಗೆ ಪೊಲೀಸರು ಮಫ್ತಿಯಲ್ಲಿ ಅಡಿಕೆ ಕೊಳ್ಳುವವರ ಹಾಗೆ ಬಂದು ನಾಲ್ಕು ದಿನ ಊರಲ್ಲಿ ಓಡಾಡಿದರೆ ಅದು ‘ಕೋವರ್ಟ್’. ಯಾರೋ ಯೋಜಿಸಿ, ಅಧಿಕಾರ ಕೊಟ್ಟು, ವೇಷ ಹಾಕಿಸಿ ಕಳಿಸಿದ ಕೆಲಸ. ಕಾರ್ಯಾಚರಣೆ, ನಿಗಾ, ನೆರವು ಇಂಥವುಗಳ ಜೊತೆ ಬರುತ್ತದೆ. ಅಮೆರಿಕದ ಸೇನೆಯ ಪರಿಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೆರೆ ಎಳೆದಿದೆ: ಕೆಲಸ ನಡೆದದ್ದೇ ತಿಳಿಯಬಾರದು ಎಂದಿದ್ದರೆ ಕ್ಲ್ಯಾಂಡೆಸ್ಟಿನ್, ಕೆಲಸ ನಡೆದದ್ದು ತಿಳಿದರೂ ಮಾಡಿಸಿದವರು ಯಾರು ಎಂದು ತಿಳಿಯಬಾರದು ಎಂದಿದ್ದರೆ ಕೋವರ್ಟ್. ದಿನಬಳಕೆಯ ಇಂಗ್ಲಿಷಿನಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಅಂತರರಾಷ್ಟ್ರೀಯ ಸುದ್ದಿ ಅನುವಾದಿಸುವ ಮಕ್ಕಳಿದ್ದರೆ ಮಾತ್ರ ಇದನ್ನು ಹೇಳಿ.

ಈಗ ಕನ್ನಡದ ಕಡೆಯಿಂದ ಬರೋಣ, ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಂಗ್ಲಿಷಿನಲ್ಲಿ ಗುಣವಾಚಕ ಇದ್ದಲ್ಲೆಲ್ಲ ಕನ್ನಡದಲ್ಲೂ ಗುಣವಾಚಕ ಇಡಲು ಹೋಗಿ ‘ರಹಸ್ಯಮಯ ನೋಟ’, ‘ಗೌಪ್ಯ ನೋಟ’ ಎಂದು ಬರೆಯುತ್ತಾರೆ. ರಹಸ್ಯಮಯ ನೋಟ ಅಂದರೆ ಏನೋ ಗೂಢವಿರುವ ನೋಟ ಎಂದಾಗುತ್ತದೆ, ಅದು ‘ಮಿಸ್ಟೀರಿಯಸ್’. ಗೌಪ್ಯ ಎಂಬುದು ಕಡತಕ್ಕೆ, ಮತದಾನಕ್ಕೆ, ವರದಿಗೆ ಸಲ್ಲುವ ಪದ, ನೋಟಕ್ಕೆ ಅಲ್ಲ. ಕನ್ನಡ ಈ ಭಾವವನ್ನು ಕ್ರಿಯೆಯ ಜೊತೆ ಕಟ್ಟುತ್ತದೆ: ಕದ್ದು ನೋಡಿದ, ಕಣ್ಣು ತಪ್ಪಿಸಿ ಜೇಬಿಗೆ ಹಾಕಿಕೊಂಡ, ಸದ್ದಿಲ್ಲದೆ ಎದ್ದುಹೋದ, ಒಳಗಿಂದೊಳಗೇ ಮಾತು ಮುಗಿಸಿದರು, ಕದ್ದುಮುಚ್ಚಿ ಓಡಾಡುತ್ತಿದ್ದರು. ಅನುವಾದ ಮಾಡುವಾಗ ಗುಣವಾಚಕವನ್ನು ಬಿಡಿಸಿ ಕ್ರಿಯಾಪದದ ಮುಂದೆ ಸಾಗಿಸುವುದನ್ನು ಕಲಿಸಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ‘ಎ ಫರ್ಟಿವ್ ಗ್ಲಾನ್ಸ್ ಅಟ್ ದ ಕ್ಲಾಕ್’ ಎಂದಿದ್ದರೆ ‘ಯಾರಿಗೂ ಕಾಣಬಾರದೆಂದು ಗಡಿಯಾರದ ಕಡೆ ಕದ್ದು ನೋಡಿದ’ ಎಂದು ಬರೆಯಲಿ. ಪದ ಹೆಚ್ಚಾಯಿತು ಎಂಬ ಚಿಂತೆ ಬೇಡ, ಅರ್ಥ ಪೂರ್ತಿ ಬಂತು.

ಇನ್ನೊಂದು ಕಡೆ ಕನ್ನಡವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಕಳ್ಳನೋಟ, ಓರೆನೋಟ, ಕುಡಿನೋಟ ಎಂದೆಲ್ಲ ಇವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಾಫಿ ತಟ್ಟೆ ಹಿಡಿದು ಬಂದ ಹುಡುಗಿ ಹುಡುಗನನ್ನು ಒಮ್ಮೆ ಕುಡಿನೋಟದಲ್ಲಿ ನೋಡಿದಳು ಎಂದರೆ ಅದರಲ್ಲಿ ನಾಚಿಕೆ ಇದೆ, ಕುತೂಹಲ ಇದೆ, ಒಲವೂ ಇರಬಹುದು. ಅದನ್ನು ‘ಫರ್ಟಿವ್ ಗ್ಲಾನ್ಸ್’ ಮಾಡಿದರೆ ಅವಳು ಏನೋ ಬಚ್ಚಿಟ್ಟುಕೊಂಡು ಹೆದರಿದ್ದಾಳೆ ಎಂಬ ನೆರಳು ಬೀಳುತ್ತದೆ. ಅಲ್ಲಿ ‘ಸ್ಟೋಲನ್ ಗ್ಲಾನ್ಸ್’ ಅಥವಾ ‘ಸೈಡ್‌ಲಾಂಗ್ ಗ್ಲಾನ್ಸ್’ ಹೊಂದುತ್ತದೆ. ಸ್ಟೋಲನ್ ಎಂಬುದರಲ್ಲೂ ಕಳ್ಳತನವೇ ಇದ್ದರೂ ಇಂಗ್ಲಿಷ್ ಓದುಗರಿಗೆ ಅದು ಸಿಹಿಯಾಗಿ ಕೇಳಿಸುತ್ತದೆ. ಫರ್ಟಿವ್ ಸಿಹಿಯಾಗಿ ಕೇಳಿಸುವುದಿಲ್ಲ. ಪ್ರೇಮದ ಕಥೆಯಲ್ಲಿ ಇಬ್ಬರೂ ಮನೆಯವರಿಗೆ ಹೆದರಿ ಭೇಟಿಯಾಗುತ್ತಿದ್ದರೆ, ಆ ಹೆದರಿಕೆಯನ್ನೇ ತೋರಿಸಬೇಕಿದ್ದರೆ, ಆಗ ಬಳಸಬಹುದು.

ಹಾಗೆಂದು ಫರ್ಟಿವ್ ಎಂದರೆ ಅಪರಾಧವೇ ಆಗಿರಬೇಕು ಎಂದೂ ಹೇಳಿಕೊಡಬೇಡಿ. ಸಾವಿನ ಮನೆಯಲ್ಲಿ ಕೂತವರೊಬ್ಬರಿಗೆ ಕೊನೆ ಬಸ್ಸು ತಪ್ಪುವ ಚಿಂತೆ. ತೋಳನ್ನು ಚೂರು ಹಿಂದೆ ಸರಿಸಿ ವಾಚು ನೋಡುತ್ತಾರೆ, ತಕ್ಷಣ ಕೈ ಕೆಳಗಿಳಿಸುತ್ತಾರೆ. ತಪ್ಪೇನೂ ಇಲ್ಲ, ಆದರೆ ಕಂಡರೆ ಚೆನ್ನಾಗಿರದು ಎಂಬ ಸಂಕೋಚ ಇದೆ. ಅದು ಅಪ್ಪಟ ಫರ್ಟಿವ್. ತರಗತಿಯಲ್ಲಿ ಡೆಸ್ಕಿನ ಕೆಳಗೆ ಶೇಂಗಾ ಬಿಡಿಸುವ ಹುಡುಗ, ಡಯಾಬಿಟೀಸ್ ಇದ್ದೂ ಹೋಳಿಗೆಯ ಡಬ್ಬಿಗೆ ಕೈ ಹಾಕುವ ಅಜ್ಜ, ಪೂಜೆಯ ನಡುವೆ ಮೊಬೈಲಿನಲ್ಲಿ ಸ್ಕೋರು ನೋಡುವ ಅಳಿಯ, ಇವರೆಲ್ಲರಿಗೂ ಈ ಪದ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಇದರ ಜೊತೆ ಹೆಚ್ಚಾಗಿ ಬರುವ ನಾಮಪದಗಳೂ ಇಂಥವೇ: ಗ್ಲಾನ್ಸ್, ಲುಕ್, ಮೂವ್‌ಮೆಂಟ್, ಜೆಸ್ಚರ್, ಮ್ಯಾನರ್, ಸ್ಮೈಲ್, ವಿಸ್ಪರ್, ಸಿಗರೇಟ್. ಕೊನೆಯದು ವಿಚಿತ್ರ ಅನ್ನಿಸಬಹುದು. ಸಿಗರೇಟಿಗೆ ಅಳುಕಿಲ್ಲ, ಬಚ್ಚಲುಮನೆಯ ಹಿಂದೆ ನಿಂತು ಅವಸರದಲ್ಲಿ ಸೇದಿದವನಿಗೆ ಇದೆ. ಇಂಗ್ಲಿಷ್ ಆ ಅಳುಕನ್ನು ಸೇದಿದ ವಸ್ತುವಿನ ತಲೆಗೆ ಕಟ್ಟುತ್ತದೆ. ಇಂಥದ್ದು ಕೆಲವೇ ನಾಮಪದಗಳಿಗೆ ಸಲ್ಲುತ್ತದೆ, ಮಕ್ಕಳು ಇದನ್ನು ನೋಡಿ ಫರ್ಟಿವ್ ಪುಸ್ತಕ, ಫರ್ಟಿವ್ ಹಣ ಎಂದೆಲ್ಲ ಹೊಸೆಯದಿರಲಿ.

ವ್ಯಾಕರಣದಲ್ಲಿ ಒಂದೇ ಒಂದು ಜಾಗ ಜಾರುತ್ತದೆ. ‘ಹಿ ಲುಕ್ಡ್ ಫರ್ಟಿವ್’ ಮತ್ತು ‘ಹಿ ಲುಕ್ಡ್ ಫರ್ಟಿವ್ಲಿ’ ಎರಡೂ ಸರಿ, ಅರ್ಥ ಬೇರೆ. ಮೊದಲನೆಯದರಲ್ಲಿ ಲುಕ್ ಅಂದರೆ ಕಾಣು: ಅವನನ್ನು ನೋಡಿದರೆ ಏನೋ ಬಚ್ಚಿಡುತ್ತಿರುವವನ ಹಾಗಿದ್ದ. ಎರಡನೆಯದರಲ್ಲಿ ಲುಕ್ ಅಂದರೆ ನೋಡು: ಅವನು ಕದ್ದು ನೋಡಿದ. ಮೊದಲನೆಯದರಲ್ಲಿ ನೋಡುತ್ತಿರುವವರು ನಾವು, ಎರಡನೆಯದರಲ್ಲಿ ಅವನು. ಎರಡನೆಯದರ ಮುಂದೆ ಸಾಮಾನ್ಯವಾಗಿ ಅಟ್, ಅರೌಂಡ್, ಓವರ್ ಹಿಸ್ ಶೋಲ್ಡರ್ ಎಂದು ಯಾವ ಕಡೆ ನೋಡಿದ ಎಂಬುದು ಬರುತ್ತದೆ. ಅದು ಇದ್ದರೆ ‘ಲಿ’ ಸೇರಿಸಬೇಕು ಎಂಬ ಗುರುತು ಹೇಳಿಕೊಡಿ, ಪರೀಕ್ಷೆಯಲ್ಲಿ ಕೈ ಹಿಡಿಯುತ್ತದೆ.

ಉಚ್ಚಾರ ಮತ್ತು ಅಕ್ಷರ ಜೋಡಣೆಗೆ ಬಂದರೆ, ಫರ್ಟಿವ್‌ನ ಒತ್ತು ಮೊದಲ ಭಾಗದ ಮೇಲೆ. ಮೊದಲ ಧ್ವನಿಗೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಇಲ್ಲದಿದ್ದರೆ ‘ಪರ್ಟಿವ್’ ಆಗಿಬಿಡುತ್ತದೆ. ಕೊನೆ ‘ಟಿವ್’, ‘ಟೈವ್’ ಅಲ್ಲ. ಎಫ್ ಆದ ಮೇಲೆ ಯು. ಫರ್ಟೈಲ್, ಫರ್ವೆಂಟ್ ಪದಗಳ ಅಭ್ಯಾಸದಿಂದ ಇ ಬರೆಯುವವರು ಬಹಳ. ಸರೆಪ್ಟಿಷಸ್‌ನಲ್ಲಿ ಆರ್ ಎರಡು, ಪಿ ಒಂದೇ, ಕೊನೆ ‘ಆಂಬಿಷಸ್’ ಪದದ ಕೊನೆಯ ಹಾಗೆ. ಒತ್ತು ‘ಟಿ’ ಮೇಲೆ ಬೀಳುತ್ತದೆ. ಕ್ಲ್ಯಾಂಡೆಸ್ಟಿನ್ ಪದವನ್ನು ನಡುವೆ ಒತ್ತಿ ‘ಡೆಸ್ಟಿನ್’ ಎನ್ನುವುದೂ ಇದೆ, ಮೊದಲಲ್ಲಿ ಒತ್ತಿ ಕೊನೆಗೆ ‘ಸ್ಟೈನ್’ ಎನ್ನುವುದೂ ಇದೆ. ಎರಡನ್ನೂ ಒಪ್ಪಿಕೊಳ್ಳಿ. ಕೋವರ್ಟ್ ಅಮೆರಿಕದವರ ಬಾಯಲ್ಲಿ ಹಾಗೆಯೇ, ಬ್ರಿಟನ್ನಿನಲ್ಲಿ ‘ಕವರ್’ ಎಂಬುದಕ್ಕೆ ಟಿ ಹಚ್ಚಿದ ಹಾಗೆ ಕೇಳಿಸುತ್ತದೆ. ಅದು ಬಂದದ್ದೂ ಮುಚ್ಚು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದಲೇ.

ಫರ್ಟಿವ್‌ನ ಬೇರು ಗೊತ್ತಿದ್ದರೆ ಅರ್ಥ ಮರೆಯುವುದಿಲ್ಲ. ಲ್ಯಾಟಿನ್ನಿನಲ್ಲಿ ‘ಫುರ್’ ಎಂದರೆ ಕಳ್ಳ, ‘ಫುರ್ಟುಮ್’ ಎಂದರೆ ಕಳವು. ಫ್ರೆಂಚಿನ ಮೂಲಕ 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂತು. ಪ್ರಾಣಿಯ ರೋಮ ಎಂಬರ್ಥದ ‘ಫರ್’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳು ಕೇಳಿಯೇ ಕೇಳುತ್ತಾರೆ. ಬಿಲದಿಂದ ಮೊಲ ಹೊರಡಿಸಲು ಯುರೋಪಿನವರು ಸಾಕುವ ‘ಫೆರೆಟ್’ ಎಂಬ ಪ್ರಾಣಿಯ ಹೆಸರಿಗೆ ಮಾತ್ರ ಇದೇ ಬೇರು, ಪುಟ್ಟ ಕಳ್ಳ ಎಂದರ್ಥ. ವೈದ್ಯರು ಕುರುವಿಗೆ ಹೇಳುವ ‘ಫರಂಕಲ್’ ಕೂಡ ಅಲ್ಲಿಂದಲೇ. ದ್ರಾಕ್ಷಿ ಬಳ್ಳಿಯ ರಸ ಕದಿಯುವ ಗಂಟಿಗೆ ಲ್ಯಾಟಿನ್ನಿನವರು ಚಿಲ್ಲರೆ ಕಳ್ಳ ಎಂದು ಹೆಸರಿಟ್ಟಿದ್ದರು, ಆಮೇಲೆ ಆ ಹೆಸರು ಮೈಮೇಲಿನ ಗಂಟಿಗೂ ಹತ್ತಿತು. ಸರೆಪ್ಟಿಷಸ್‌ನ ಬೇರು ಬೇರೆ: ಅಡಿಯಿಂದ ಕಿತ್ತುಕೊಳ್ಳು ಎಂಬ ಕ್ರಿಯಾಪದ. ಸ್ಟೆಲ್ತಿಯಂತೂ ಕದಿ ಎಂಬರ್ಥದ ‘ಸ್ಟೀಲ್’ ಪದದ ಮನೆಯದೇ. ಈ ಮೂರರಲ್ಲೂ ಕಳ್ಳನೇ ಕೂತಿದ್ದಾನೆ, ನಮ್ಮ ಕಳ್ಳಹೆಜ್ಜೆ, ಕದ್ದು ಕೇಳು, ಕಳ್ಳಬೆಕ್ಕುಗಳಲ್ಲಿ ಕೂತಿರುವ ಹಾಗೆಯೇ. ಆದ್ದರಿಂದಲೇ ನಿಘಂಟಿನಲ್ಲಿ ಮೂರಕ್ಕೂ ಒಂದೇ ಅರ್ಥ ಕಾಣುತ್ತದೆ.

ಕ್ಲ್ಯಾಂಡೆಸ್ಟಿನ್ ಬಂದದ್ದು ‘ಕ್ಲಾಮ್’ ಎಂಬ ಲ್ಯಾಟಿನ್ ಪದದಿಂದ, ಗುಟ್ಟಾಗಿ ಎಂದರ್ಥ. ಇದು ಮಲೆನಾಡಿನ ಮನೆಗಳಿಗೆ ದೂರದ ಪದವೇನಲ್ಲ. ಒಬ್ಬರ ಜಮೀನನ್ನು ಇನ್ನೊಬ್ಬರು ದೀರ್ಘಕಾಲ ಅನುಭವಿಸಿ ಹಕ್ಕು ಕೇಳುವ ದಾವೆಗಳಲ್ಲಿ ನಮ್ಮ ನ್ಯಾಯಾಲಯಗಳು ಆ ಸ್ವಾಧೀನ ‘ನೆಕ್ ವಿ, ನೆಕ್ ಕ್ಲಾಮ್, ನೆಕ್ ಪ್ರಿಕಾರಿಯೊ’ ಆಗಿರಬೇಕು ಎನ್ನುತ್ತವೆ. ಬಲಾತ್ಕಾರದಿಂದ ಆಗಿರಬಾರದು, ಗುಟ್ಟಾಗಿ ಆಗಿರಬಾರದು, ಅನುಮತಿ ಬೇಡಿ ಆಗಿರಬಾರದು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಖಾಸಗಿ ಜಮೀನಿಗೆ 12 ವರ್ಷ, ಸರ್ಕಾರದ ಜಮೀನಿಗೆ 30 ವರ್ಷ. ಆ ವರ್ಷಗಳೆಲ್ಲ ಮಾಲೀಕನಿಗೆ ಕಾಣುವ ಹಾಗೆ, ಎಲ್ಲರೆದುರು ನಡೆದಿರಬೇಕು. ಬೇಲಿಯನ್ನು ವರ್ಷಕ್ಕೊಂದು ಮೊಳ ಯಾರಿಗೂ ತಿಳಿಯದಂತೆ ಸರಿಸುತ್ತ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ. ವಕೀಲರ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ಈ ‘ಕ್ಲಾಮ್’ ಅವರಿಗೆ ಪದವನ್ನು ಸುಲಭವಾಗಿ ನೆನಪಿಡಿಸುತ್ತದೆ.

ಫರ್ಟಿವ್ ಎಂಬುದು ನೋಡುವವರ ತೀರ್ಮಾನ ಎಂದೆ. ಇದರಿಂದ ನಿಜವಾದ ಹಾನಿಯೂ ಆಗಿದೆ. ನ್ಯೂಯಾರ್ಕ್ ಪೊಲೀಸರು ಬೀದಿಯಲ್ಲಿ ಜನರನ್ನು ತಡೆದು ತಪಾಸಣೆ ಮಾಡಿದಾಗ ತುಂಬುತ್ತಿದ್ದ ನಮೂನೆಯಲ್ಲಿ, ತಡೆದ ಕಾರಣಗಳ ಪಟ್ಟಿಯಲ್ಲಿ ‘ಫರ್ಟಿವ್ ಮೂವ್‌ಮೆಂಟ್ಸ್’ ಎಂಬ ಒಂದು ಚೌಕ ಇತ್ತು. ಏನು ಕಂಡೆ ಎಂದು ಬರೆಯಬೇಕಿಲ್ಲ, ಗುರುತು ಹಾಕಿದರೆ ಮುಗಿಯಿತು. 2013ರಲ್ಲಿ, ಇದರ ವಿರುದ್ಧ ಹೂಡಿದ್ದ ಫ್ಲಾಯ್ಡ್ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಅವರು ಆ ತಪಾಸಣೆಗಳು ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಾಗ, ಇಷ್ಟು ಮಸುಕಾದ ಕಾರಣದ ಮೇಲೆ ಜನರನ್ನು ತಡೆಯುವುದನ್ನೂ ಟೀಕಿಸಿದರು. ಪೊಲೀಸರನ್ನು ಕಂಡು ಗಾಬರಿಯಾದ ಅಮಾಯಕನ ಮೈಯೂ ಕಳ್ಳನ ಮೈಯ ಹಾಗೇ ಕಾಣಬಹುದಲ್ಲ. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಮು ಇಂಥ ಗುಣವಾಚಕ ಬಳಸಲಿಲ್ಲ. ತಾನಿರುವುದು ತಿಳಿಯದಂತೆ ಮುಂಜಾಗ್ರತೆ ತೆಗೆದುಕೊಳ್ಳುತ್ತಿದ್ದಾನೆ, ಅಪರಾಧ ಮಾಡುವ ಉದ್ದೇಶ ಇದೆ ಎಂದು ನಂಬಲು ಕಾರಣವಿದೆ, ಎಂದು ಬಿಡಿಸಿ ಹೇಳಿತು. ಮಕ್ಕಳು ಮುಂದೆ ವರದಿಗಾರರಾದರೆ, ಪೊಲೀಸರಾದರೆ, ವರದಿಯಲ್ಲಿ ಫರ್ಟಿವ್ ಬರೆಯುವ ಬದಲು ಕಂಡದ್ದನ್ನು ಬರೆಯಲಿ: ಮೂರು ಸಲ ಹಿಂದೆ ತಿರುಗಿದ, ಚೀಲವನ್ನು ಬೆಂಚಿನ ಕೆಳಗೆ ತಳ್ಳಿದ. ಕಥೆಯಲ್ಲಿ ಈ ಪದ ಚೆನ್ನ. ಒಬ್ಬರ ಮೇಲೆ ಆರೋಪ ಹೊರಿಸುವ ಕಾಗದದಲ್ಲಿ ಅಪಾಯ.

ಮಾತಿನಲ್ಲಿ ಇಂಗ್ಲಿಷರೂ ಇದನ್ನು ಹೆಚ್ಚು ಬಳಸುವುದಿಲ್ಲ. ಹರಟೆಯಲ್ಲಿ ‘ಸ್ನೀಕಿ’, ‘ಆನ್ ದ ಸ್ಲೈ’ ಎನ್ನುತ್ತಾರೆ. ಬಾಯಿ ಬಿಡದೆ ಹಾರಿಕೆಯ ಉತ್ತರ ಕೊಡುವವರಿಗೆ ‘ಕೇಜಿ’. ಮೋಸದ ವ್ಯವಹಾರಕ್ಕೆ ‘ಅಂಡರ್‌ಹ್ಯಾಂಡ್’. ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ಸಮಾನಾರ್ಥಕ ಕೇಳಿದರೆ ಮಾತ್ರ ಇಷ್ಟೆಲ್ಲ ವ್ಯತ್ಯಾಸ ನೋಡದೆ ಸ್ಟೆಲ್ತಿ, ಸೀಕ್ರೆಟಿವ್, ಸ್ಲೈ ಯಾವುದಿದ್ದರೂ ಗುರುತು ಹಾಕಲಿ. ವಿರುದ್ಧ ಪದಕ್ಕೆ ‘ಓಪನ್’, ‘ಓವರ್ಟ್’ ಅಥವಾ ‘ಫಾರ್ಥ್‌ರೈಟ್’. ಪ್ರಶ್ನೆಪತ್ರಿಕೆ ಕೇಳುವುದು ಹತ್ತಿರದ ಪದವನ್ನೇ ಹೊರತು ಸೂಕ್ಷ್ಮವನ್ನಲ್ಲ.

ಒಂದು ಪದವನ್ನು ಮಾತ್ರ ಈ ಗುಂಪಿನಿಂದ ಹೊರಗೆ ತೆಗೆದು ತೋರಿಸಿ: ‘ಡಿಸ್ಕ್ರೀಟ್’. ಕಳವಾದ ತೋಟದ ಯಜಮಾನತಿ ಯಾರ ಹೆಸರೂ ಎತ್ತದೆ, ಯಾರ ಮಾನವೂ ಹೋಗದ ಹಾಗೆ, ನಾಲ್ಕು ಮನೆಯಲ್ಲಿ ಸಣ್ಣದಾಗಿ ವಿಚಾರಿಸುತ್ತಾರಲ್ಲ, ಅದು ಡಿಸ್ಕ್ರೀಟ್. ಗುಟ್ಟು ಇದೆ, ಆದರೆ ಮರ್ಯಾದೆಗಾಗಿ ಇಟ್ಟ ಗುಟ್ಟು, ಅದು ಮೆಚ್ಚುಗೆಯ ಪದ. ಇ ಎರಡೂ ಒಟ್ಟಿಗೆ ಬಂದರೆ ಈ ಅರ್ಥ. ನಡುವೆ ಟಿ ಬಂದು ಇ ಬೇರೆ ಬೇರೆಯಾದರೆ ‘ಬಿಡಿಬಿಡಿಯಾದ’ ಎಂಬರ್ಥದ ಬೇರೆ ಪದ, ಉಚ್ಚಾರ ಒಂದೇ.

ತರಗತಿಯಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಬರೆಸಿದರೆ ನಿಲ್ಲುವುದಿಲ್ಲ, ಮಾಡಿಸಿ. ಆರು ಚೀಟಿಯಲ್ಲಿ ಆರು ಪದ ಬರೆದು ಆರು ಜನರಿಗೆ ಕೊಡಿ, ಎಲ್ಲರಿಗೂ ಕೆಲಸ ಒಂದೇ: ಮೇಜಿನ ಮೇಲಿರುವ ಸೀಮೆಸುಣ್ಣ ತೆಗೆದುಕೊಂಡು ಬರುವುದು. ಸ್ಟೆಲ್ತಿ ಬಂದವರು ಸದ್ದಿಲ್ಲದೆ ಬರಬೇಕು, ಫರ್ಟಿವ್ ಬಂದವರು ತಿರುತಿರುಗಿ ನೋಡಬೇಕು, ಸರೆಪ್ಟಿಷಸ್ ಬಂದವರು ನಿಮ್ಮ ಜೊತೆ ಹಾಜರಿ ಪುಸ್ತಕದ ಮಾತಾಡುತ್ತಲೇ ಎತ್ತಿಕೊಳ್ಳಬೇಕು, ಡಿಸ್ಕ್ರೀಟ್ ಬಂದವರು ಹತ್ತಿರ ಬಂದು ಕಿವಿಯಲ್ಲಿ ಕೇಳಿ ತೆಗೆದುಕೊಳ್ಳಬೇಕು. ಕ್ಲ್ಯಾಂಡೆಸ್ಟಿನ್ ಮತ್ತು ಕೋವರ್ಟ್ ಸಿಕ್ಕ ಇಬ್ಬರಿಗೆ ಒಬ್ಬರೇ ಮಾಡಲಾಗುವುದಿಲ್ಲ ಎಂಬುದು ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅವರು ಜೊತೆಗಾರರನ್ನು ಹುಡುಕಲು ಬಿಡಿ. ಉಳಿದವರು ನೋಡಿ ಪದ ಹೇಳಲಿ, ಯಾವ ಅಂಗ ನೋಡಿ ಗೊತ್ತಾಯಿತು ಎಂಬುದನ್ನೂ ಹೇಳಲಿ. ಫರ್ಟಿವ್‌ಗೆ ಮಾತ್ರ ಕಣ್ಣು, ಕುತ್ತಿಗೆ, ಕೈ ಎಂದು ಉತ್ತರ ಬರುತ್ತದೆ. ಆ ಉತ್ತರವನ್ನು ಬರೆಸಿಕೊಳ್ಳಿ, ಮರುದಿನ ಅದರಿಂದಲೇ ತಲಾ ಮೂರು ವಾಕ್ಯ ಮಾಡಿಸಿ.